ಟೋಟಲ್ 178, ಎಲ್ಲ ನಾರ್ಮಲ್

ನಮ್ಮ ಮನೆಯಲ್ಲಿ ಎಲ್ಲರ ರಿಪೋರ್ಟೂ ಒಂದೇ ಚೀಲದಲ್ಲಿ ಇರುದು. ಯಾವುದೋ ಬಟ್ಟೆ ಅಂಗಡಿಯ ಹಳೇ ಚೀಲ, ಕಪಾಟಿನ ಮೇಲೆ. ಅತ್ತೆಯ ಶುಗರು, ಇವರ ಬಿಪಿ, ಮಗನಿಗೆ ಡೆಂಗ್ಯೂ ಬಂದಾಗಿನ ಪ್ಲೇಟ್‌ಲೆಟ್ಟು, ಎಲ್ಲ ಒಟ್ರಾಶಿ ಅದರೊಳಗೇ. ಅದನ್ನು ತೆಗೆದು ನೋಡಿ ಡಾಕ್ಟ್ರ ಹತ್ರ ಹೇಳುವ ಕೆಲಸ ನಂದು. ಹಾಗಾಗಿ ನೆಂಟರಲ್ಲಿ ಯಾರು ಟೆಸ್ಟ್ ಮಾಡಿಸಿದ್ರೂ ನನಗೆ ವಾಟ್ಸಾಪ್ ಮಾಡುದು, ಅಕ್ಕ ಒಮ್ಮೆ ನೋಡು ಅಂತ. ನಾನೇನೋ ಅರ್ಧ ಡಾಕ್ಟ್ರು ಅನ್ನುವ ಹಾಗೆ.

2025ರ ಜೂನ್-ಜುಲೈಯಲ್ಲಿ ಹಾಸನದ ಸುದ್ದಿ ಬಂತಲ್ಲ, ಒಬ್ಬರಾದ ಮೇಲೆ ಒಬ್ಬರು ಹಾರ್ಟ್ ಅಟ್ಯಾಕ್‌ನಲ್ಲಿ ಹೋದ್ರು ಅಂತ ದಿನಾ ಟೀವಿಯಲ್ಲಿ. ಸರ್ಕಾರದ ಸಮಿತಿ ಎಲ್ಲ ನೋಡಿ, ಏಕಾಏಕಿ ಹೆಚ್ಚಾದದ್ದು ಏನಿಲ್ಲ ಅಂತ ಹೇಳಿದ್ದು ಆಮೇಲೆ. ಅಷ್ಟರೊಳಗೆ ಊರಿಡೀ ಲ್ಯಾಬಿಗೆ ಓಡಿ ಆಗಿತ್ತು. ನಮ್ಮಲ್ಲೂ ಅತ್ತೆಯನ್ನು ಕರ್ಕೊಂಡು ಹೋದೆವು, ಅತ್ತ ಕಾಪುವಿನಲ್ಲಿ ನನ್ನ ತಮ್ಮನೂ ಮಾಡಿಸಿದ. ಅತ್ತೆಗೆ ಟೋಟಲ್ ಕೊಲೆಸ್ಟ್ರಾಲ್ 246. ತಮ್ಮನಿಗೆ 178.

246 ನೋಡಿ ಮನೆಯಲ್ಲಿ ಬೊಬ್ಬೆಯೋ ಬೊಬ್ಬೆ. ಎಟ್ಟಿ (ಸಿಗಡಿ) ಬಂದ್, ಮೊಟ್ಟೆ ಬಂದ್, ಬೆಳಿಗ್ಗೆ ಹಸಿ ಬೆಳ್ಳುಳ್ಳಿ, ರಾತ್ರಿ ನೆನೆಸಿದ ಮೆಂತೆ. ಪಾಪ ಅತ್ತೆ, ಬಂಗುಡೆ ಪುಳಿಮುಂಚಿಯ ವಾಸನೆ ಪಕ್ಕದ ಮನೆಯಿಂದ ಬಂದ್ರೆ ಕಿಟಕಿ ಹತ್ರ ಹೋಗಿ ಕೂತ್ಕೊಳ್ತಿದ್ರು. ತಮ್ಮನ ರಿಪೋರ್ಟಿನ ಮೊದಲ ಸಾಲು ಮಾತ್ರ ನೋಡಿದೆ ನಾನು. 200ರ ಒಳಗೆ ಉಂಟು. ಥಂಬ್ಸಪ್ ಹಾಕಿ "ಎಲ್ಲ ನಾರ್ಮಲ್ ಮಾರಾಯ, ಇನ್ನು ಹೆಂಡತಿಯ ತಲೆ ತಿನ್ಬೇಡ" ಅಂತ ಬರೆದೆ. ಆ ಮೆಸೇಜು ಇನ್ನೂ ಫೋನಲ್ಲಿ ಉಂಟು.

ಡಿಸೆಂಬರಲ್ಲಿ ಅವನಿಗೆ ಹಾರ್ಟ್ ಅಟ್ಯಾಕ್ ಆಯ್ತು. 44 ವರ್ಷ, ತೆಳ್ಳಗಿನ ಆಳು.

ಆ ರಾತ್ರಿ ಊರಲ್ಲಿ ಯಕ್ಷಗಾನದ ಆಟ ಇತ್ತು. ಗದ್ದೆಯಲ್ಲಿ ಚಳಿಗೆ ಕೂತು ಚರುಮುರಿ, ಗೋಳಿಬಜೆ ಎಲ್ಲ ತಿಂದು ಎರಡು ಗಂಟೆಗೆ ಮನೆಗೆ ಬಂದವ ಎದೆ ಹಿಡಿದ ಹಾಗೆ ಆಗ್ತದೆ ಅಂದ. ಗೋಳಿಬಜೆ ತಿಂದದ್ದಲ್ಲ, ಗ್ಯಾಸ್ ಆಗಿರ್ಬೇಕು. ನಮ್ಮಲ್ಲಿ ಎದೆಯಲ್ಲಿ ಏನಾದ್ರೂ ಗ್ಯಾಸೇ, ಭುಜದಲ್ಲಿ ಏನಾದ್ರೂ ವಾಯುವೇ. ನಾದಿನಿ ಜೀರಿಗೆ ನೀರು ಮಾಡಿ ಕೊಟ್ಟಳು, ಅದಾದ ಮೇಲೆ ಲಿಂಬೆ ಸೋಡಾ, ತೇಗು ಬಂದ್ರೆ ಸರಿಯಾಗ್ತದೆ ಅಂತ ಬೆನ್ನು ಉಜ್ಜಿದ್ಳು. ಡಿಸೆಂಬರ್ ಚಳಿಯಲ್ಲಿ ಬನಿಯನ್ ಹಿಂಡುವಷ್ಟು ಬೆವರು ಬಂದಾಗ ಅವಳಿಗೆ ಹೆದರಿಕೆ ಆಗಿ ಪಕ್ಕದ ಮನೆಯ ರಿಕ್ಷಾದವರನ್ನು ಎಬ್ಬಿಸಿದ್ದು, ಆಗ ಗಂಟೆ ಐದು. ಹತ್ರದ ಕ್ಲಿನಿಕ್ಕಲ್ಲಿ ಇಸಿಜಿ ತೆಗೆದು ನೋಡಿದವರೇ ಆಂಬ್ಯುಲೆನ್ಸ್ ಕರೆಸಿ ಮಣಿಪಾಲಕ್ಕೆ ಕಳಿಸಿದ್ರು. ಮುಚ್ಚಿದ ರಕ್ತನಾಳ ತೆರೆದಿಡ್ಲಿಕ್ಕೆ ಒಂದು ಸ್ಟೆಂಟ್ ಹಾಕಿದ್ರು. ಸ್ಟಂಟ್ ಅಂತ ಹೇಳುದು ನಮ್ಮ ಕಡೆ ಎಲ್ಲರೂ, "ಅವನಿಗೆ ಒಂದು ಸ್ಟಂಟ್ ಆಗಿದೆ" ಅಂತ, ಸಿನಿಮಾದಲ್ಲಿ ಹಾರಿದ ಹಾಗೆ. ಹಾರ್ಟಿನ ಪಂಪಿಂಗ್ 45 ಪರ್ಸೆಂಟಿಗೆ ಇಳಿದಿತ್ತು, 55ರ ಮೇಲೆ ಇರ್ಬೇಕಾದ್ದು. ಆ ಮೂರು ಗಂಟೆಯ ಜೀರಿಗೆ ನೀರಿನ ಲೆಕ್ಕ ಅದು.

ಮಂಗಳೂರು ಕೆಎಂಸಿಯ ಡಾ. ಪದ್ಮನಾಭ ಕಾಮತ್ ಅವರು ಶುರುಮಾಡಿದ ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್ ಅಂತ ಉಂಟಲ್ಲ, ಹಳ್ಳಿ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಮೆಷಿನ್ ಕೊಟ್ಟು, ತೆಗೆದ ಇಸಿಜಿಯನ್ನು ವಾಟ್ಸಾಪಲ್ಲಿ ಹಾಕಿದ್ರೆ ಹೃದಯದ ಡಾಕ್ಟ್ರುಗಳು ನೋಡಿ ಹೇಳುದು, ಅದು ಈ ಗ್ಯಾಸ್‌ನ ಕಥೆಗೇ ಮದ್ದು. ತಾಲೂಕು ಆಸ್ಪತ್ರೆಗಳಲ್ಲಿ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಲ್ಲಿ ಇಸಿಜಿ ಮಾಡಿ, ಬೇಕಾದ್ರೆ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಫ್ರೀಯಾಗಿ ಕೊಡ್ತಾರೆ. ಎಲ್ಲ ಉಂಟು. ಹೋಗ್ಲಿಕ್ಕೆ ಮಾತ್ರ ನಾವು ಬೆಳಗಾಗ್ಲಿ ಅಂತ ಕಾಯುದು.

ಮೂರನೇ ದಿನ ವಾರ್ಡಿನ ಹೊರಗೆ ಡಾಕ್ಟ್ರು ಸಿಕ್ಕಿದಾಗ ನಾನು ಫೋನು ತೆಗೆದು, ಆರು ತಿಂಗಳ ಹಿಂದೆ ಎಲ್ಲ ನಾರ್ಮಲ್ ಇತ್ತು ಸಾರ್, 178 ಅಂತ ಸ್ವಲ್ಪ ಜಗಳದ ಸ್ವರದಲ್ಲೇ ಹೇಳಿದೆ. ಅವರು ಸಣ್ಣ ಪ್ರಾಯದವರು, ರಾತ್ರಿಯಿಡೀ ನಿದ್ರೆ ಇಲ್ಲದ ಮುಖ. ಫೋನು ತಗೊಂಡು ಒಂದು ಚೀಟಿಯ ಹಿಂದೆ ಬರೆದು ತೋರಿಸಿದ್ರು. "ಮೊದಲ ಸಾಲು ಬಿಡಿ ಅಕ್ಕ. ಇಲ್ಲಿ ನೋಡಿ."

ಟೋಟಲ್ 178. ಎಚ್‌ಡಿಎಲ್ 29. ಟ್ರೈಗ್ಲಿಸರೈಡ್ 265. ಎಲ್‌ಡಿಎಲ್ 96.

ಎಚ್‌ಡಿಎಲ್, ಅಂದ್ರೆ ಒಳ್ಳೇ ಕೊಲೆಸ್ಟ್ರಾಲ್ ಅಂತ ಹೇಳುದು, ಗಂಡಸರಿಗೆ 40ರ ಮೇಲೆ, ಹೆಂಗಸರಿಗೆ 50ರ ಮೇಲೆ ಇರ್ಬೇಕಂತೆ, ಟ್ರೈಗ್ಲಿಸರೈಡ್ ಅನ್ನುವ ರಕ್ತದ ಕೊಬ್ಬು 150ರ ಕೆಳಗೆ. ಎರಡೂ ದಪ್ಪ ಅಕ್ಷರದಲ್ಲಿ ಪ್ರಿಂಟಾಗಿತ್ತು, ನಾನು ನೋಡ್ಲೇ ಇಲ್ಲ. ಅಲ್ಲ, ನಿಜ ಹೇಳ್ಬೇಕಾದ್ರೆ ಎಚ್‌ಡಿಎಲ್ ಕಮ್ಮಿ ಅಂತ ಕಂಡಿತ್ತು, ಕೊಲೆಸ್ಟ್ರಾಲ್ ಕಮ್ಮಿ ಇದ್ರೆ ಒಳ್ಳೇದೇ ಅಲ್ವಾ ಅಂತ ಗ್ರಹಿಸಿದ್ದು ನನ್ನ ಮಂಡೆ. ಈ ಎಚ್‌ಡಿಎಲ್ ಕಮ್ಮಿ ಇದ್ದದ್ದರಿಂದಲೇ ಟೋಟಲ್ ಚಂದ ಕಂಡದ್ದು, ಯಾಕಂದ್ರೆ ಟೋಟಲ್ಲಿನಲ್ಲಿ ಅದೂ ಸೇರಿರ್ತದೆ.

"ಆದ್ರೂ ಎಲ್‌ಡಿಎಲ್, ಆ ಕೆಟ್ಟ ಕೊಲೆಸ್ಟ್ರಾಲ್ 96, ನೂರರ ಒಳಗೇ ಉಂಟಲ್ಲ?" ಅಂದೆ. ಅದಕ್ಕೆ ಅವರು, ಆ 96 ಅಳೆದದ್ದಲ್ಲ, ಲೆಕ್ಕ ಹಾಕಿದ್ದು ಅಂದ್ರು. ಹೆಚ್ಚಿನ ಲ್ಯಾಬಲ್ಲಿ ಎಲ್‌ಡಿಎಲ್ ನೇರ ಅಳೆಯುದಿಲ್ಲವಂತೆ. 1972ರಲ್ಲಿ ಫ್ರೀಡ್‌ವಾಲ್ಡ್ ಅನ್ನುವವರು ಕೊಟ್ಟ ಸೂತ್ರ, ಟೋಟಲ್‌ನಿಂದ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡಿನ ಐದನೇ ಒಂದು ಪಾಲನ್ನೂ ಕಳೆಯುದು. 178ರಲ್ಲಿ 29 ಹೋಯ್ತು, 265ನ್ನು ಐದರಿಂದ ಭಾಗಿಸಿದ್ರೆ 53, ಅದೂ ಹೋಯ್ತು, ಉಳಿದದ್ದು 96. ಟ್ರೈಗ್ಲಿಸರೈಡ್ ಜಾಸ್ತಿ ಆದ ಹಾಗೆ ಈ ಲೆಕ್ಕ ತಪ್ಪುತ್ತಾ ಹೋಗ್ತದೆ, 400 ದಾಟಿದ್ರೆ ಕೆಲಸಕ್ಕೇ ಬರುದಿಲ್ಲ. ಅದಕ್ಕಿಂತ ಸೀದಾ ಲೆಕ್ಕ ಟೋಟಲ್‌ನಿಂದ ಎಚ್‌ಡಿಎಲ್ ಒಂದನ್ನೇ ಕಳೆಯುದು, ಅದಕ್ಕೆ ನಾನ್-ಎಚ್‌ಡಿಎಲ್ ಅಂತ ಹೆಸರು. 149 ಬಂತು. ಸಾಮಾನ್ಯ ಜನರಿಗೇ ಅದು 130ರ ಒಳಗೆ ಇರ್ಬೇಕು. ರಿಪೋರ್ಟಿನ ಎರಡನೇ ಪುಟದಲ್ಲಿ ಆ 149 ಅಲ್ಲೇ ಇತ್ತು. ಎರಡನೇ ಪುಟ ಯಾರು ನೋಡ್ತಾರೆ ಮಾರಾಯ್ರೆ.

ಇನ್ನೊಂದು ವಿಷಯ ಅವರು ಹೇಳಿದ್ದು ನನಗೆ ಅರ್ಥ ಆದದ್ದು ಮಲ್ಪೆಯಲ್ಲಿ ಮೀನು ತಗೊಳ್ಳುವಾಗ. ಎಲ್‌ಡಿಎಲ್ ಅಂತ ನಾವು ಓದುವ ಎಂಜಿ ಲೆಕ್ಕ ತೂಕ. ರಕ್ತನಾಳದ ಗೋಡೆಯೊಳಗೆ ನುಗ್ಗುದು ತೂಕ ಅಲ್ಲ, ಕಣಗಳು, ಎಷ್ಟು ಕಣ ಅನ್ನುದು ಮುಖ್ಯ. ಒಂದು ಕಿಲೋ ಅಂಜಲ್ ಅಂದ್ರೆ ಒಂದು ತುಂಡು ಮೀನು, ಒಂದು ಕಿಲೋ ಬೂತಾಯಿ ಅಂದ್ರೆ ಬುಟ್ಟಿಯಲ್ಲಿ ಎಣಿಸ್ಲಿಕ್ಕಾಗದಷ್ಟು ತಲೆ. ಟ್ರೈಗ್ಲಿಸರೈಡ್ ಜಾಸ್ತಿ, ಎಚ್‌ಡಿಎಲ್ ಕಮ್ಮಿ ಇರುವವರಲ್ಲಿ ಎಲ್‌ಡಿಎಲ್ ಬೂತಾಯಿಯ ಹಾಗೆ, ಸಣ್ಣ ಸಣ್ಣದು, ತುಂಬಾ. ತೂಕ ಹಾಕಿದ್ರೆ ಅಂಜಲಿನಷ್ಟೇ. ನಮ್ಮ ದೇಶದವರಲ್ಲಿ ಈ ಜಾತಿಯ ರಿಪೋರ್ಟು ತುಂಬಾ ಸಾಮಾನ್ಯ, ನಮ್ಮಲ್ಲಿ ಅಟ್ಯಾಕ್ ಪಾಶ್ಚಾತ್ಯರಿಗಿಂತ ಸುಮಾರು ಹತ್ತು ವರ್ಷ ಮೊದಲೇ ಬರುದು. ಹಾರ್ಟಿಗೆ ಏನೆಲ್ಲ ಅಪಾಯ ಅಂತ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ ಲೆಕ್ಕ ಮಾಡಿದ ದೊಡ್ಡ ಕೆಲಸ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅನ್ನುವ ಊರಲ್ಲಿ 1948ರಲ್ಲಿ ಶುರುವಾದದ್ದು, 5,209 ಜನರಿಂದ. ಹೆಚ್ಚುಕಮ್ಮಿ ಎಲ್ಲ ಬಿಳಿಯರೇ. ಕಾಪುವಿನ ತೆಳ್ಳಗಿನ ಗಂಡಸು ಅದರಲ್ಲಿ ಎಲ್ಲಿಂದ ಬರ್ಬೇಕು.

ನನ್ನ ತಲೆಯಲ್ಲಿದ್ದದ್ದು ಪೈಪಿನ ಚಿತ್ರ. ಪೈಪಲ್ಲಿ ಕೆಸರು ಕಟ್ಟುತ್ತಾ ಕಟ್ಟುತ್ತಾ ಒಂದು ದಿನ ಬ್ಲಾಕ್. ಹಾಗಲ್ಲ. ಕೊಲೆಸ್ಟ್ರಾಲ್ ಕೂರುದು ಪೈಪಿನೊಳಗೆ ಅಲ್ಲ, ಗೋಡೆಯೊಳಗೆ. ನಮ್ಮ ಮನೆಯ ಪಡು ದಿಕ್ಕಿನ ಗೋಡೆ ಪ್ರತಿ ಮಳೆಗಾಲ ಮಾಡುವುದೇ ಅದನ್ನು. ಹೊರಗಿನಿಂದ ನೀರು ಇಳಿದು ಒಳಗೆ ತೇವ ಕಟ್ಟಿ, ಬಣ್ಣ ಉಬ್ಬಿ ಬೊಕ್ಕೆ ಏಳ್ತದೆ, ವರ್ಷಗಟ್ಟಲೆ ಹಾಗೇ ಇರ್ತದೆ, ಒಂದು ದಿನ ಚೇರು ತಾಗಿ ಪಟ್ ಅಂತ ಒಡೀತದೆ. ರಕ್ತನಾಳದಲ್ಲಿ ಆ ಬೊಕ್ಕೆ ಒಡೆದ್ರೆ ಗಾಯ ಆಯ್ತು ಅಂತ ತಿಳ್ಕೊಂಡು ರಕ್ತ ಅಲ್ಲೇ ಹೆಪ್ಪುಗಟ್ತದೆ, ನಿಮಿಷಗಳಲ್ಲಿ ನಾಳ ಬಂದ್. ಹಾಗಾಗಿ ಅರ್ಧ ಕೂಡ ಬ್ಲಾಕ್ ಆಗದ ಜಾಗದಲ್ಲೂ ಅಟ್ಯಾಕ್ ಆಗ್ತದೆ, ಟಿಎಂಟಿ ಅಂತ ಓಡಿಸಿ ಹಾರ್ಟ್ ನೋಡುವ ಟೆಸ್ಟಲ್ಲಿ ಪಾಸಾದವನೂ ತಿಂಗಳಲ್ಲಿ ಬೀಳ್ತಾನೆ. ಸಿಗರೇಟು, ಬಿಪಿ, ಶುಗರು ಇವೆಲ್ಲ ಗೋಡೆಯನ್ನು ಮೆದು ಮಾಡುವ ಮಳೆ. ತಮ್ಮನಿಗೆ ದಿನಕ್ಕೆ ಐದಾರು ಸಿಗರೇಟು ಇತ್ತು, ಶನಿವಾರ ಗಮ್ಮತ್ತು ಇತ್ತು, ಮೂರು ತಿಂಗಳ ಶುಗರ್ ಆವರೇಜ್ 6.1, ಅಂದ್ರೆ ಶುಗರ್ ಬರುವ ಅಂಚು. ಒಂದೊಂದನ್ನೇ ಹಿಡಿದ್ರೆ ಯಾವುದೂ ದೊಡ್ಡದಲ್ಲ.

ಅತ್ತೆಯ ವಿಷಯಕ್ಕೆ ಬರ್ತೇನೆ. ಅವರ 246ರಲ್ಲಿ ಎಚ್‌ಡಿಎಲ್ಲೇ 74 ಇತ್ತು, ಎಲ್‌ಡಿಎಲ್ 150. ಹಾಗಂತ ಒಳ್ಳೇ ಕೊಲೆಸ್ಟ್ರಾಲ್ ಕವಚ ಅಲ್ಲವಂತೆ. ಎಚ್‌ಡಿಎಲ್ ಏರಿಸುವ ಔಷಧಿಗಳನ್ನು ಮಾಡಿ ನೋಡಿದ್ದಾರೆ, ನಂಬರು ಏರಿತು, ಅಟ್ಯಾಕ್ ಕಮ್ಮಿ ಆಗ್ಲಿಲ್ಲ. ಅವರಿಗೆ ಶುಗರ್ ಇರುವ ಕಾರಣ 150 ತುಂಬಾ ಆಯ್ತು ಅಂತ ಮಾತ್ರೆ ಕೊಟ್ರು. ಬೆಳ್ಳುಳ್ಳಿ ನಿಲ್ಲಿಸಿ, ಮೀನು ಕೊಡಿ ಅಂದ್ರು. ನಾವು ಆರು ತಿಂಗಳು ಅವರಿಗೆ ಬಂಗುಡೆ ತಪ್ಪಿಸಿದ್ದು ಪೂರಾ ವೇಸ್ಟ್. ಬಂಗುಡೆ, ಬೂತಾಯಿ ಹಾರ್ಟಿಗೆ ಒಳ್ಳೆಯ ಮೀನುಗಳು. ಎಟ್ಟಿಯಲ್ಲಿ ಕೊಲೆಸ್ಟ್ರಾಲ್ ಉಂಟು ಹೌದು, ಆದ್ರೆ ರಕ್ತದಲ್ಲಿರುವ ಕೊಲೆಸ್ಟ್ರಾಲ್‌ನ ಹೆಚ್ಚಿನ ಪಾಲು ನಮ್ಮ ಲಿವರೇ ತಯಾರು ಮಾಡುದು, ತಿಂದದ್ದರಿಂದ ಬರುದು ಸ್ವಲ್ಪ. ಎಲ್‌ಡಿಎಲ್ ಏರಿಸುವುದರಲ್ಲಿ ಮುಂದೆ ಇರುದು ಸ್ಯಾಚುರೇಟೆಡ್ ಕೊಬ್ಬು. ಅಂದ್ರೆ ಎಟ್ಟಿಗಿಂತ ಅದನ್ನು ಹುರಿದ ಎಣ್ಣೆ ನೋಡ್ಬೇಕು.

ಇಲ್ಲಿಗೆ ತೆಂಗಿನೆಣ್ಣೆ ಬಂತು, ಈಗ ನನಗೆ ಬೈಗುಳ ಗ್ಯಾರಂಟಿ. ಪ್ಯಾಕೆಟಲ್ಲಿ ಕೊಲೆಸ್ಟ್ರಾಲ್ ಇಲ್ಲ ಅಂತ ಬರೆದಿರ್ತದೆ, ಅದು ಸುಳ್ಳಲ್ಲ. ಗಿಡಮರದಿಂದ ಬಂದ ಯಾವ ಎಣ್ಣೆಯಲ್ಲೂ ಅದು ಇರುದಿಲ್ಲ, ಬರೀಬೇಕಾದ್ದೇ ಇಲ್ಲ. ಆದ್ರೆ ತೆಂಗಿನೆಣ್ಣೆಯ ಕೊಬ್ಬಲ್ಲಿ ಹತ್ತತ್ರ 90 ಪರ್ಸೆಂಟ್ ಸ್ಯಾಚುರೇಟೆಡ್, ಅದು ಲಿವರ್ ರಕ್ತದಿಂದ ಎಲ್‌ಡಿಎಲ್ ಎಳ್ಕೊಳ್ಳುವುದನ್ನು ಕಮ್ಮಿ ಮಾಡ್ತದೆ. ಎಚ್‌ಡಿಎಲ್ಲೂ ಏರಿಸ್ತದೆ ಅಂತ ವಾದ ಮಾಡುವವರು ಇದ್ದಾರೆ, ಏರಿಸ್ತದೆ ಕೂಡ, ಆದ್ರೆ ಎಚ್‌ಡಿಎಲ್ ಏರಿಸಿದ್ದರ ಕಥೆ ಮೇಲೆ ಹೇಳಿದೆ. ನಮ್ಮ ಅಜ್ಜ ಜೀವಮಾನ ಇಡೀ ಗಾಣದ ಎಣ್ಣೆ ತಿಂದು 88ರವರೆಗೆ ಬದುಕಿದ್ರು, ಹೌದು. ಅಜ್ಜ ಗದ್ದೆಯಲ್ಲಿ ಹೂಟಿ ಮಾಡಿದವರು, ಗಂಜಿ ಚಟ್ನಿ ಉಂಡವರು, ವಾರಕ್ಕೆ ನಾಲ್ಕು ಸಲ ಕರಿದದ್ದು ತಿಂದವರಲ್ಲ. ನಾನು ಪೂರಾ ಬಿಡ್ಲಿಲ್ಲ. ಒಗ್ಗರಣೆಗೆ, ಮೀನು ಪದಾರ್ಥದ ಮೇಲೆ ಒಂದು ಚಮಚಕ್ಕೆ ಅದೇ ಬೇಕು, ಇಲ್ಲಾಂದ್ರೆ ಅದು ಊಟವೇ ಅಲ್ಲ. ಕರಿಯುದು ತಿಂಗಳಿಗೊಮ್ಮೆ, ದಿನದ ಅಡುಗೆಗೆ ಕಡ್ಲೆ ಎಣ್ಣೆ. ಬಿರಿಯಾನಿಗೂ ಘೀ ರೋಸ್ಟಿಗೂ ಯಾರೂ ನನ್ನ ಹತ್ರ ಪರ್ಮಿಷನ್ ಕೇಳುದಿಲ್ಲ, ಅದು ಬೇರೆ ವಿಷಯ.

ತಮ್ಮನಿಗೆ ಸ್ಟಾಟಿನ್ ದೊಡ್ಡ ಡೋಸಲ್ಲೇ ಶುರು ಮಾಡಿದ್ರು. ಜಪಾನಿನ ಅಕಿರಾ ಎಂಡೋ ಅನ್ನುವವರು 1970ರ ದಶಕದಲ್ಲಿ ಬೂಷ್ಟಿನಿಂದ, ಅಂದ್ರೆ ಅನ್ನ ಹಳಸಿದಾಗ ಬರ್ತದಲ್ಲ ಆ ಜಾತಿಯದ್ದರಿಂದ, ಕಂಡುಹಿಡಿದ ಮದ್ದಿನ ಸಂತತಿ ಇದು. ಲಿವರಲ್ಲಿ ಕೊಲೆಸ್ಟ್ರಾಲ್ ತಯಾರಿ ಕಮ್ಮಿ ಮಾಡ್ತದೆ, ಆಗ ಲಿವರು ರಕ್ತದಲ್ಲಿದ್ದದ್ದನ್ನೇ ಎಳ್ಕೊಳ್ತದೆ. ಒಮ್ಮೆ ಅಟ್ಯಾಕ್ ಆದವರಿಗೆ ಎಲ್‌ಡಿಎಲ್ ನೂರರ ಒಳಗೆ ಇದ್ರೆ ಸಾಲದು, 55ರ ಒಳಗೆ ಬರ್ಬೇಕು ಅಂತ ಭಾರತದ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಹೇಳಿದೆ. ಶುಗರ್, ಬಿಪಿಯಂಥದ್ದು ಇರುವವರಿಗೆ 70ರ ಒಳಗೆ. ಏನೂ ಇಲ್ಲದವರಿಗೆ ಮಾತ್ರ ಆ ನೂರು. ಲ್ಯಾಬಿನವರು ಪ್ರಿಂಟ್ ಮಾಡುದು ಎಲ್ಲರಿಗೂ ಒಂದೇ ಅಂಕಣ, ಅವರಿಗೆ ನೀವು ಯಾರು ಅಂತ ಗೊತ್ತಿಲ್ಲ.

ಮೂರು ತಿಂಗಳಿಗೆ ತಮ್ಮನ ಎಲ್‌ಡಿಎಲ್ 48 ಆಯ್ತು. ಈ ಮಹಾಶಯ ಎಂತ ಮಾಡಿದ, ನಾರ್ಮಲ್ ಆಯ್ತಲ್ಲ ಅಂತ ಮಾತ್ರೆ ನಿಲ್ಲಿಸಿದ! ಯಾವುದೋ ಗ್ರೂಪಲ್ಲಿ ಸ್ಟಾಟಿನ್ ತಗೊಂಡ್ರೆ ಕಿಡ್ನಿ ಹೋಗ್ತದೆ, ಮರೆವು ಬರ್ತದೆ ಅಂತ ಒಂದು ವಿಡಿಯೋ ಬಂದಿತ್ತಂತೆ. ಮುಂದಿನ ಟೆಸ್ಟಲ್ಲಿ 101. ಡಾಕ್ಟ್ರು ಬೈದದ್ದು ಕೇಳಿ ಹೊರಗೆ ಕೂತಿದ್ದ ನನಗೇ ನಾಚಿಕೆ ಆಯ್ತು. "48 ಬಂದದ್ದು ಮಾತ್ರೆಯಿಂದ, ನೀವು ಗುಣ ಆದ್ದರಿಂದ ಅಲ್ಲ." ಕೆಲವರಿಗೆ ಮೈಕೈ ಸ್ನಾಯು ನೋವು ಬರ್ತದೆ, ಶುಗರ್ ಬರುವ ಅಂಚಿನಲ್ಲಿ ಇದ್ದವರಿಗೆ ಅದು ಸ್ವಲ್ಪ ಏರುದುಂಟು, ಅದನ್ನು ಡಾಕ್ಟ್ರಿಗೆ ಹೇಳಿದ್ರೆ ಡೋಸೋ ಮಾತ್ರೆಯೋ ಬದಲು ಮಾಡ್ತಾರೆ. ಎಲ್‌ಡಿಎಲ್ ಸುಮಾರು 39 ಪಾಯಿಂಟ್ ಇಳಿದಾಗ ಅಟ್ಯಾಕ್, ಸ್ಟ್ರೋಕ್ ಇಂಥದ್ದರ ಅಪಾಯ ಐದರಲ್ಲಿ ಒಂದು ಪಾಲಿಗಿಂತಲೂ ಸ್ವಲ್ಪ ಜಾಸ್ತಿಯೇ ಇಳೀತದೆ, ಲಕ್ಷಕ್ಕೂ ಹೆಚ್ಚು ಜನರ ಮೇಲೆ ಮಾಡಿದ ಪರೀಕ್ಷೆಗಳನ್ನು ಒಟ್ಟು ಹಾಕಿ ಕಂಡದ್ದು. ವಿಡಿಯೋದವ ಎಷ್ಟು ಜನರ ಮೇಲೆ ಮಾಡಿದ್ದನೋ.

ಇಷ್ಟಾದ್ರೂ ಡಾಕ್ಟ್ರಿಗೆ ಒಂದು ಸಂಶಯ ಉಳಿದಿತ್ತು. ಮನೆಯಲ್ಲಿ ಗಂಡಸರು 55ರ ಒಳಗೆ, ಹೆಂಗಸರು 65ರ ಒಳಗೆ ಹಾರ್ಟಿನ ಕಾಯಿಲೆ ಬಂದವರು ಇದ್ದಾರಾ ಅಂತ ಕೇಳಿದ್ರು. ಇಲ್ಲ ಅಂದೆ. ಅಪ್ಪ ತೀರಿದ್ದು 49ಕ್ಕೆ, ಆದ್ರೆ ಅದು ಹಾರ್ಟಲ್ಲ ಅಂತಲೇ ನಮಗೆಲ್ಲ ಗೊತ್ತಿದ್ದದ್ದು. ಮಟಮಟ ಮಧ್ಯಾಹ್ನ ತೋಟಕ್ಕೆ ಹೋದವರಿಗೆ ಏನೋ ತಾಗಿ ಬಿದ್ದದ್ದು, ಹೊತ್ತಲ್ಲದ ಹೊತ್ತಲ್ಲಿ ಹೋಗ್ಬಾರ್ದಿತ್ತು, ಹಾಗಂತ ಕೇಳಿಕೊಂಡೇ ಬೆಳೆದವರು ನಾವು. ನಾನು ಇದನ್ನು ಹೇಳಿದಾಗ ಡಾಕ್ಟ್ರು ನಗಲಿಲ್ಲ, ಅದೊಂದು ನನಗೆ ಹಿಡಿಸಿತು. ಸುಮ್ಮನೆ ಇನ್ನೊಂದು ಟೆಸ್ಟ್ ಬರೆದ್ರು. ಲೈಪೋಪ್ರೋಟೀನ್ ಎ.

ಅದು ಎಲ್‌ಡಿಎಲ್ಲಿನದ್ದೇ ಕಣ, ಬಾಲ ಒಂದು ಎಕ್ಸ್‌ಟ್ರಾ. 1963ರಲ್ಲಿ ನಾರ್ವೆಯ ಕೋರೆ ಬರ್ಗ್ ಕಂಡುಹಿಡಿದದ್ದು. ಎಷ್ಟು ಇರ್ಬೇಕು ಅಂತ ಹುಟ್ಟುವಾಗಲೇ ಬರೆದಾಗಿರ್ತದೆ, ತಂದೆತಾಯಿಯಿಂದ ಬರುದು, ಊಟಕ್ಕೂ ವಾಕಿಂಗಿಗೂ ಬಗ್ಗುದಿಲ್ಲ, ಸ್ಟಾಟಿನ್‌ಗೂ ಇಳಿಯುದಿಲ್ಲ. ಅದಕ್ಕೆ ಅಂತಲೇ ತಯಾರಾದ ಮದ್ದುಗಳ ಪರೀಕ್ಷೆ ನಡೀತಾ ಉಂಟು. ಮಾಮೂಲಿ ಲಿಪಿಡ್ ಪ್ರೊಫೈಲಲ್ಲಿ ಈ ಸಾಲೇ ಇರುದಿಲ್ಲ, ಬೇರೆ ಕೇಳಿ ಮಾಡಿಸ್ಬೇಕು, ಜೀವಮಾನದಲ್ಲಿ ಒಂದು ಸಲ ಸಾಕು. 50 ಎಂಜಿ ದಾಟಿದ್ರೆ ಜಾಸ್ತಿ ಅಂತ ಲೆಕ್ಕ. ತಮ್ಮನಿಗೆ 92.

ಹಾಗಾದ್ರೆ ನಿಮ್ಮದೂ ನೋಡುವ ಅಂದ್ರು. ಅಕ್ಕತಂಗಿ ಅಣ್ಣತಮ್ಮಂದಿರಿಗೆ ಬರುವ ಸಾಧ್ಯತೆ ಹತ್ತತ್ರ ಅರ್ಧಕ್ಕರ್ಧ. ಊರವರ ರಿಪೋರ್ಟೆಲ್ಲ ನೋಡುವ ನಂದು ಆ ಚೀಲದಲ್ಲಿ ಒಂದೂ ಇರ್ಲಿಲ್ಲ, ಅದು ಆಗ ಗೊತ್ತಾದದ್ದು. 48 ವರ್ಷ, ಮುಟ್ಟು ನಿಲ್ಲುವ ಹೊತ್ತು, ಎಲ್‌ಡಿಎಲ್ ಏರುವ ಪ್ರಾಯ. ಎಲ್‌ಡಿಎಲ್ 135, ಲೈಪೋಪ್ರೋಟೀನ್ ಎ 84. ಅದನ್ನು ಇಳಿಸ್ಲಿಕ್ಕೆ ಆಗದಿದ್ರೆ ಇಳಿಸ್ಲಿಕ್ಕೆ ಆಗುವುದನ್ನೆಲ್ಲ ಇಳಿಸುವ ಅಂತ ನನಗೂ ಮಾತ್ರೆ ಬರೆದ್ರು. ತಮ್ಮನಿಗೆ ಅಷ್ಟು ಉಪದೇಶ ಮಾಡಿದವಳು ಹತ್ತು ದಿನ ಆ ಮಾತ್ರೆಯನ್ನು ಸಕ್ಕರೆ ಡಬ್ಬಿಯ ಹಿಂದೆ ಇಟ್ಟಿದ್ದೆ. ಯಾಕೆ ಅಂತ ಕೇಳಿದ್ರೆ ಗೊತ್ತಿಲ್ಲ. ಮಾತ್ರೆ ನುಂಗಿದ್ರೆ ಕಾಯಿಲೆಯವಳು ಅಂತ ಒಪ್ಪಿದ ಹಾಗೆ ಅನ್ನಿಸ್ತಿತ್ತು.

ಆ ವಾರ ಕಾಪುವಿಗೆ ಹೋದಾಗ ಅಮ್ಮ ಜಗಲಿಯಲ್ಲಿ ಕೂತು ಹಲಸಿನ ಬೀಜ ಸುಲಿಯುತ್ತಿದ್ರು. ಅಪ್ಪ ಹೋದ ದಿನದ ವಿಷಯ ಕೇಳಿದೆ, ತೋಟದ್ದಲ್ಲ, ಅದಕ್ಕಿಂತ ಮೊದಲು ಬೆಳಿಗ್ಗೆ ಎಂತ ಆಗಿತ್ತು ಅಂತ. ಅಮ್ಮ ಬೀಜ ಸುಲಿಯುದು ನಿಲ್ಲಿಸ್ಲಿಲ್ಲ.

"ಬೆಳಿಗ್ಗೆ ಎಂತ? ಎದೆ ಉರಿ ಅಂದ್ರು. ರಾತ್ರಿ ಮದುವೆ ಮನೆಯಲ್ಲಿ ಉಂಡದ್ದಲ್ಲ, ಗ್ಯಾಸ್ ಇರ್ಬೇಕು ಅಂತ ಜೀರಿಗೆ ನೀರು ಮಾಡಿ ಕೊಟ್ಟಿದ್ದೆ."

ಸ್ವಲ್ಪ ಹೊತ್ತು ಬಿಟ್ಟು, "ಎಡದ ಭುಜಕ್ಕೆ ಎಣ್ಣೆ ಹಚ್ಚಿಸಿಕೊಂಡಿದ್ರು" ಅಂದ್ರು.

ನಾನು ಅಮ್ಮನಿಗೆ ಏನೂ ಹೇಳ್ಲಿಲ್ಲ. 76 ವರ್ಷದವರಿಗೆ ಈಗ ಹೇಳಿ ಎಂತ ಮಾಡ್ಲಿಕ್ಕುಂಟು. ರಾತ್ರಿ ಮನೆಗೆ ಬಂದು ಡಬ್ಬಿಯ ಹಿಂದಿನಿಂದ ಮಾತ್ರೆ ತೆಗೆದೆ.

ಈಗ ಮಗನ ಸರದಿ, ಅವನಿಗೆ 21. ಮೊದಲ ಟೆಸ್ಟು 18ಕ್ಕೇ ಮಾಡಿಸಿ ಅಂತ ಆ 2024ರ ಮಾರ್ಗಸೂಚಿಯಲ್ಲೇ ಉಂಟು, ಮನೆಯಲ್ಲಿ ಹಿಸ್ಟರಿ ಇದ್ರೆ ಅದಕ್ಕಿಂತಲೂ ಮೊದಲು. ನಾಳೆ ಹೋಗುದು ಅಂತ ಆಗಿದೆ. ಖಾಲಿ ಹೊಟ್ಟೆಯಲ್ಲಿ ಹೋಗ್ಬೇಕಾ ಅಂತ ಅವನದ್ದು ಒಂದೇ ಪ್ರಶ್ನೆ. ಬೇಡ, ಈಗ ಮೊದಲ ಟೆಸ್ಟಿಗೆ ಉಪವಾಸ ಬೇಕು ಅಂತಿಲ್ಲ, ಟ್ರೈಗ್ಲಿಸರೈಡ್ ತುಂಬಾ ಜಾಸ್ತಿ ಬಂದ್ರೆ ಮಾತ್ರ ಖಾಲಿ ಹೊಟ್ಟೆಯಲ್ಲಿ ಇನ್ನೊಮ್ಮೆ ಅಂದೆ. ಹಾಗಾದ್ರೆ ನೀರ್ದೋಸೆ ತಿಂದೇ ಹೋಗುದಂತೆ. ಅಕ್ಕಿ ನೆನೆಹಾಕಿ ಬಂದು ಇದನ್ನು ಬರೀತಾ ಇದ್ದೇನೆ.